ಲೋಹ ಅಲ್ಲೇ ಇದೆ, ಕೆಲಸ ಮಾತ್ರ ನಿಂತಿದೆ!

ಹೋದ ತಿಂಗಳು ನಮ್ಮ ಮನೆಯ ಹಳೇ ಕಾರು ಎಮಿಷನ್ ಟೆಸ್ಟ್‌ನಲ್ಲಿ ಫೇಲ್ ಆಯ್ತು. ಹನ್ನೆರಡು ವರ್ಷ ತಂಟೆ ಮಾಡದೆ ಓಡಿದ ಗಾಡಿ. ಪ್ಲಗ್ ಬದಲಿಸಿದ್ದಾಯ್ತು, ಏರ್ ಫಿಲ್ಟರ್ ಬದಲಿಸಿದ್ದಾಯ್ತು. ಕಾರ್ಬನ್ ಮಾನಾಕ್ಸೈಡ್ ಅಂಕಿ ಮಾತ್ರ ಇಳಿಯಲೇ ಇಲ್ಲ. ಕೊನೆಗೆ ನಮ್ಮ ಬೀದಿಯ ಮೆಕ್ಯಾನಿಕ್ ಕಾರಿನ ಅಡಿಗೆ ಮಲಗಿ, ಹೊಗೆ ಪೈಪಿನ ನಡುವಿನಿಂದ ಒಂದು ಉಕ್ಕಿನ ಡಬ್ಬಿ ಬಿಚ್ಚಿ ತಂದರು. ಕ್ಯಾಟಲಿಟಿಕ್ ಕನ್ವರ್ಟರ್.

ಟಾರ್ಚ್ ಬಿಟ್ಟು ಒಳಗೆ ತೋರಿಸಿದರು. ಜೇನುಗೂಡಿನ ಹಾಗೆ ಸಾವಿರಾರು ಸಣ್ಣ ರಂಧ್ರ.

'ನೋಡಿ ಸಾರ್, ಒಡೆದಿಲ್ಲ, ಕಟ್ಟಿಕೊಂಡಿಲ್ಲ. ಒಳಗಿರೋ ಪ್ಲಾಟಿನಂ ಎಲ್ಲೂ ಹೋಗಿಲ್ಲ. ಗುಜರಿಯವನು ಇದಕ್ಕೂ ಒಳ್ಳೇ ದುಡ್ಡು ಕೊಡ್ತಾನೆ. ಆದ್ರೆ ಕೆಲಸ ಮಾಡಲ್ಲ ಅಷ್ಟೇ' ಅಂದರು.

ಹೊಸದರ ಬೆಲೆ ಕೇಳಿ ಎದೆ ಧಸಕ್ ಅಂದದ್ದು ಬೇರೆ ವಿಷಯ. ಆದರೆ ಅವರ ಮಾತು ತಲೆಯಲ್ಲಿ ಕೂತುಬಿಟ್ಟಿತು. ಲೋಹ ಅಲ್ಲೇ ಇದೆ, ಖರ್ಚಾಗಿಲ್ಲ. ಹಾಗಿದ್ದರೆ ಕೆಲಸ ಯಾಕೆ ನಿಂತಿತು? ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಕಾರಿನ ಕಥೆಯಷ್ಟೇ ಅಲ್ಲ. ಯೂರಿಯಾ ಮೂಟೆಯಿಂದ ಹಿಡಿದು ಪಿವಿಸಿ ಪೈಪಿನವರೆಗೆ ನಮ್ಮ ಬದುಕನ್ನು ನಡೆಸುತ್ತಿರುವ ಕಾರ್ಖಾನೆಗಳ ಕಥೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಲೋಹದ ಕಣಗಳನ್ನು ಹಿಡಿದು ವಿಜ್ಞಾನಿಗಳು ಆ ಕಾರ್ಖಾನೆಗಳ ಗುಟ್ಟು ಬಿಡಿಸುತ್ತಿರುವ ಕಥೆ.

ಕಮಿಷನ್ ತಗೊಳ್ಳದ ಬ್ರೋಕರ್

ಮೊದಲು ಕ್ಯಾಟಲಿಸ್ಟ್ ಅಂದ್ರೆ ಏನು ಅಂತ ನೆನಪು ಮಾಡಿಕೊಳ್ಳೋಣ. ಶಾಲೆಯಲ್ಲಿ 'ವೇಗವರ್ಧಕ' ಅಂತ ಓದಿದ್ದೆವಲ್ಲ, ಅದೇ. ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು. ಎರಡು ಕಡೆಯವರನ್ನೂ ಒಂದೇ ಜಗಲಿಯಲ್ಲಿ ಕೂರಿಸಿ, ಮಾತುಕತೆ ಮುಗಿಸಿ, ಕಮಿಷನ್ ತಗೊಳ್ಳದೆ ಮುಂದಿನ ಮನೆಗೆ ಹೋಗುವ ಮದುವೆ ಬ್ರೋಕರ್ ಇದ್ದ ಹಾಗೆ.

ಕಾರಿನ ಕನ್ವರ್ಟರ್‌ನಲ್ಲಿ ಈ ಕೆಲಸ ಮಾಡುವುದು ಪ್ಲಾಟಿನಂ, ಪೆಲ್ಲೇಡಿಯಂ, ರೋಡಿಯಂ. ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಇವುಗಳ ಮೇಲೆ ಕೂತು, ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಎದ್ದು ಹೋಗುತ್ತದೆ. ಅರೆಬೆಂದ ಪೆಟ್ರೋಲ್ ಪೂರ್ತಿ ಉರಿಯುತ್ತದೆ. ನೈಟ್ರೋಜನ್ ಆಕ್ಸೈಡುಗಳು ಒಡೆದು ಮಾಮೂಲಿ ನೈಟ್ರೋಜನ್ ಆಗುತ್ತವೆ.

ಇದು ನಮ್ಮ ಗಾಡಿಯ ಮಾತು. ಕಾರ್ಖಾನೆಗಳಲ್ಲಿ ಇದೇ ಆಟ ದೊಡ್ಡ ಮಟ್ಟದಲ್ಲಿ ನಡೆಯುತ್ತದೆ. ಎಣ್ಣೆಯನ್ನು ವನಸ್ಪತಿ ಮಾಡಲು ನಿಕ್ಕಲ್. ಮೆಥನಾಲ್ ತಯಾರಿಸಲು ತಾಮ್ರ. ಗಾಳಿಯ ನೈಟ್ರೋಜನ್ ಹಿಡಿದು ಅಮೋನಿಯ ಮಾಡಲು ಕಬ್ಬಿಣ. ಮಂಗಳೂರಿನ ಪಣಂಬೂರಿನ ಗೊಬ್ಬರ ಕಾರ್ಖಾನೆಯಂಥ ಕಡೆ ಆ ಅಮೋನಿಯವೇ ಯೂರಿಯಾ ಆಗಿ ರೈತರ ಹೊಲ ಸೇರುತ್ತದೆ. ಜಗತ್ತಿನ ಹೆಚ್ಚುಕಡಿಮೆ ಅರ್ಧ ಜನರ ಊಟ ಈ ಒಂದು ಕ್ರಿಯೆಯ ಮೇಲೆ ನಿಂತಿದೆ. ಅಷ್ಟೇ ಅಲ್ಲ, ಜಗತ್ತು ಬಳಸುವ ಒಟ್ಟು ಶಕ್ತಿಯಲ್ಲಿ ಶೇಕಡಾ 1ರಿಂದ 2ರಷ್ಟು ಅಮೋನಿಯ ತಯಾರಿಕೆಗೇ ಹೋಗುತ್ತದೆ. ಕ್ಯಾಟಲಿಸ್ಟ್ ಸ್ವಲ್ಪ ಸುಧಾರಿಸಿದರೂ ಉಳಿತಾಯ ಎಷ್ಟಾಗಬಹುದು ಅಂತ ನೀವೇ ಊಹಿಸಿ.

ಐದು ಸೈಟಿನ ಲೆಕ್ಕ

ಕ್ಯಾಟಲಿಸ್ಟ್ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ಕೆಲಸ ಎಲ್ಲಾ ಮೇಲ್ಮೈಯಲ್ಲಿ. ಅನಿಲದ ಅಣುಗಳು ಬಂದು ಕೂರಬೇಕಾದ್ದು ಹೊರಗಿನ ಪರಮಾಣುಗಳ ಮೇಲೆ. ಒಳಗೆ ಹುದುಗಿದ ಪರಮಾಣು ಎಷ್ಟೇ ಬೆಲೆಬಾಳಲಿ, ಅದಕ್ಕೆ ಗಿರಾಕಿಯೇ ಸಿಗಲ್ಲ.

ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಪ್ಲಾಟಿನಂ ತುಂಡು ತಗೊಳ್ಳಿ. ತೂಕ ಸುಮಾರು 21 ಗ್ರಾಂ. ಅದರ ಆರು ಮುಖ ಸೇರಿ ಮೇಲ್ಮೈ 6 ಚದರ ಸೆಂಟಿಮೀಟರ್, ಅಂದ್ರೆ ಒಂದು ಅಂಚೆಚೀಟಿಯಷ್ಟು. ಈಗ ಅದನ್ನೇ 10 ನ್ಯಾನೊಮೀಟರ್ ಅಳತೆಯ ಚೌಕ ತುಂಡುಗಳಾಗಿ ಕತ್ತರಿಸಿದೆವು ಅಂದುಕೊಳ್ಳಿ. ನ್ಯಾನೊಮೀಟರ್ ಅಂದ್ರೆ ಮಿಲಿಮೀಟರಿನಲ್ಲಿ ಹತ್ತು ಲಕ್ಷದ ಒಂದು ಭಾಗ. ಈಗ ಎಲ್ಲಾ ತುಂಡುಗಳ ಮೇಲ್ಮೈ ಸೇರಿಸಿದರೆ 600 ಚದರ ಮೀಟರ್! ಬೆಂಗಳೂರಿನ ಭಾಷೆಯಲ್ಲಿ ಹೇಳೋದಾದರೆ, ಅಂಚೆಚೀಟಿಯಷ್ಟಿದ್ದ ಜಾಗ ಐದು 30-40 ಸೈಟುಗಳಿಗಿಂತ ದೊಡ್ಡದಾಯ್ತು. ಲೋಹ ಅದೇ 21 ಗ್ರಾಂ.

ಇನ್ನೂ ಚಿಕ್ಕದು ಮಾಡಿದರೆ? ಬೂಂದಿ ಲಾಡು ನೆನಪಿಸಿಕೊಳ್ಳಿ. ಒಂದೊಂದು ಬೂಂದಿಯೂ ಒಂದು ಪರಮಾಣು. ನಡುವೆ ಒಂದು, ಸುತ್ತ 12 ಕಟ್ಟಿದರೆ 13 ಪರಮಾಣುಗಳ ಲಾಡು, ಅದರಲ್ಲಿ 12 ಹೊರಗಿವೆ. ಇನ್ನೊಂದು ಸುತ್ತು ಕಟ್ಟಿದರೆ 55, ಅದರಲ್ಲಿ 42 ಹೊರಗೆ. ಮೂರನೇ ಸುತ್ತಿಗೆ 147, ಹೊರಗಿರೋದು 92. ಲಾಡು ದಪ್ಪವಾದಷ್ಟೂ ಒಳಗೆ ಸಿಕ್ಕಿಬಿದ್ದ ಬೂಂದಿಯ ಪಾಲು ಹೆಚ್ಚು.

ಅದಕ್ಕೇ ಕಾರಿನ ಕನ್ವರ್ಟರ್‌ನಲ್ಲಿ ಪ್ಲಾಟಿನಂ ತಗಡು ಇರಲ್ಲ. ಪಿಂಗಾಣಿಯಂಥ ಜೇನುಗೂಡಿಗೆ ಅಲ್ಯುಮಿನಿಯಂ ಆಕ್ಸೈಡ್, ಸೀರಿಯಂ ಆಕ್ಸೈಡ್ ಮುಂತಾದವುಗಳ ಲೇಪ ಬಳಿದು, ಅದರ ಮೇಲೆ ನ್ಯಾನೊ ಕಣಗಳಾಗಿ ಲೋಹವನ್ನು ಹರಡಿರುತ್ತಾರೆ. ಅದಕ್ಕೇ ಕೆಲವೇ ಗ್ರಾಂ ಲೋಹದಲ್ಲಿ ಇಡೀ ಕಾರಿನ ಕೆಲಸ ನಡೆಯೋದು.

ಮೊದಲು ಗೆದ್ದರು, ಆಮೇಲೆ ಅರ್ಥಮಾಡಿಕೊಂಡರು

ಹಾಗಾದರೆ ಕಾರ್ಖಾನೆಯವರಿಗೆ ಇದೆಲ್ಲಾ ಗೊತ್ತಿದ್ದೇ ಕ್ಯಾಟಲಿಸ್ಟ್ ಮಾಡಿದ್ರಾ? ಇಲ್ಲ, ಅದೇ ತಮಾಷೆ.

ಜರ್ಮನಿಯಲ್ಲಿ ಫ್ರಿಟ್ಸ್ ಹಾಬರ್ ಅಮೋನಿಯ ಮಾಡುವ ದಾರಿ ತೋರಿಸಿದಾಗ ಬಳಸಿದ್ದು ಆಸ್ಮಿಯಂ ಅನ್ನೋ ತೀರಾ ಅಪರೂಪದ ಲೋಹ. ಕಾರ್ಖಾನೆಗೆ ಅದು ಸಾಲುವ ಮಾತೇ ಇರಲಿಲ್ಲ. ಬಿಎಎಸ್ಎಫ್ ಕಂಪನಿಯ ಅಲ್ವಿನ್ ಮಿಟಾಶ್ ಮತ್ತು ತಂಡದವರು ಅಗ್ಗದ ಬದಲಿ ಹುಡುಕಲು ಕೂತರು. ಸಿಕ್ಕಿದ್ದೆಲ್ಲಾ ಹಾಕಿ ನೋಡಿದರು. 1912ರ ಹೊತ್ತಿಗೆ 2,500 ಬಗೆಯ ಮಿಶ್ರಣ, 6,500 ಪ್ರಯೋಗ! ಕೊನೆಗೆ ಗೆದ್ದದ್ದು ಸ್ವೀಡನ್ನಿನ ಒಂದು ಕಬ್ಬಿಣದ ಅದಿರು. ಅದರಲ್ಲಿದ್ದ 'ಕಲ್ಮಶ'ಗಳೇ ಕೆಲಸಕ್ಕೆ ನೆರವಾಗಿದ್ದವು. 1913ರಲ್ಲಿ ಒಪ್ಪಾವ್‌ನಲ್ಲಿ ಕಾರ್ಖಾನೆ ಶುರುವಾಯಿತು. ಕಬ್ಬಿಣ ಆಧಾರಿತ ಆ ಕ್ಯಾಟಲಿಸ್ಟಿನ ಮೊಮ್ಮಕ್ಕಳು ಇವತ್ತಿಗೂ ದುಡಿಯುತ್ತಿವೆ.

ಕಬ್ಬಿಣದ ಮೇಲೆ ನಿಜಕ್ಕೂ ಏನು ನಡೆಯುತ್ತದೆ ಅನ್ನೋದನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿದ್ದು ಗೆರ್ಹಾರ್ಡ್ ಎರ್ಟ್ಲ್. ಅದೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲದ ನಂತರ. 2007ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಎರ್ಟ್ಲ್ ಬಳಸಿದ್ದು ಒಂದೇ ಹರಳಿನ ನುಣುಪಾದ ಕಬ್ಬಿಣ, ಸುತ್ತ ನಿರ್ವಾತ. ಅಷ್ಟು ಶುಚಿ ಮಾಡಿದರೆ ಮಾತ್ರ ಅಣುವಿನ ಓಡಾಟ ಸ್ಪಷ್ಟವಾಗಿ ಕಾಣೋದು. ಆದರೆ ಕಾರ್ಖಾನೆಯಲ್ಲಿ ಇರೋದು ನುಣುಪು ಹರಳಲ್ಲ. ಹೇಗ್ಹೇಗೋ ಇರುವ ಕಣಗಳ ರಾಶಿ. ನಿರ್ವಾತ ಅಲ್ಲ, ನೂರಾರು ಪಟ್ಟು ಒತ್ತಡ. ಲ್ಯಾಬ್ ಮತ್ತು ಕಾರ್ಖಾನೆ ನಡುವೆ ದೊಡ್ಡ ಕಂದಕ.

ಕಾರ್ಖಾನೆಯ ಕ್ಯಾಟಲಿಸ್ಟನ್ನೇ ನೇರವಾಗಿ ತಂದು ನೋಡಬಹುದಲ್ವಾ? ನೋಡಬಹುದು. ಆದರೆ ಅದು ಭಾನುವಾರದ ಸಂತೆ ಇದ್ದಂತೆ. 2 ನ್ಯಾನೊಮೀಟರಿನ ಕಣವೂ ಇದೆ, 20ರದ್ದೂ ಇದೆ. ಒಂದು ಉರುಟು, ಇನ್ನೊಂದು ಚಪ್ಪಟೆ. ಒಟ್ಟು ವ್ಯಾಪಾರ ಎಷ್ಟಾಯ್ತು ಅಂತ ಹೇಳಬಹುದು. ಯಾವ ಅಂಗಡಿಯವನು ಎಷ್ಟು ಮಾರಿದ ಅಂತ ಹೇಳೋದು ಕಷ್ಟ.

ಅಚ್ಚಿನಲ್ಲಿ ತೆಗೆದಂಥ ಕಣಗಳು

ಈ ಕಂದಕಕ್ಕೆ ಸೇತುವೆ ಹಾಕಿದ್ದೇ ಲೋಹದ ನ್ಯಾನೊ ಕಣಗಳು. ಉಪಾಯ ಸರಳ. ಎಲ್ಲಾ ಕಣಗಳೂ ಒಂದೇ ಅಳತೆ, ಒಂದೇ ಆಕಾರ ಇರುವ ಹಾಗೆ ಮೊದಲೇ ತಯಾರಿಸು. ಅವನ್ನು ಕಾರ್ಖಾನೆಯಲ್ಲಿ ಬಳಸುವಂಥದೇ ಆಧಾರದ ಮೇಲೆ ಕೂರಿಸು. ಆಮೇಲೆ ಒಂದು ಬಾರಿಗೆ ಒಂದನ್ನೇ ಬದಲಿಸು: ಗಾತ್ರ, ಇಲ್ಲವೇ ಆಕಾರ, ಇಲ್ಲವೇ ಕೆಳಗಿನ ಆಧಾರ. ಫಲಿತಾಂಶ ಬದಲಾದರೆ ಕಾರಣ ಯಾವುದು ಅಂತ ಬೆರಳಿಟ್ಟು ತೋರಿಸಬಹುದು.

ಸಾಫ್ಟ್‌ವೇರ್‌ನಲ್ಲಿರುವ ಗೆಳೆಯರಿಗೆ ಇದು ಥಟ್ಟನೆ ಅರ್ಥ ಆಗುತ್ತೆ. ಬಗ್ ಹುಡುಕುವಾಗ ಹತ್ತು ಕಡೆ ಒಟ್ಟಿಗೆ ಬದಲಿಸಿದರೆ ಯಾವುದು ಸರಿ ಮಾಡಿತು ಅಂತ ಗೊತ್ತಾಗಲ್ಲ ಅಲ್ವಾ?

ಇಂಥ ಕಣಗಳ ತಯಾರಿಗೆ ಹಳೇ ಇತಿಹಾಸವೇ ಇದೆ. 1857ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಚಿನ್ನದ ಅತಿ ಸಣ್ಣ ಕಣಗಳಿರುವ ಮಾಣಿಕ್ಯದ ಬಣ್ಣದ ದ್ರವ ಮಾಡಿ ತೋರಿಸಿದ್ದರು. ಹೌದು, ಅಷ್ಟು ಚಿಕ್ಕದಾದರೆ ಚಿನ್ನ ಹಳದಿ ಅಲ್ಲ, ಕೆಂಪು! 1951ರಲ್ಲಿ ಜಾನ್ ಟರ್ಕೆವಿಚ್ ಮತ್ತು ಸಂಗಡಿಗರು ಸುಲಭದ ಪಾಕವಿಧಾನವನ್ನೇ ಕೊಟ್ಟರು. ಚಿನ್ನದ ಲವಣದ ನೀರನ್ನು ಕುದಿಸಿ, ಸೋಡಿಯಂ ಸಿಟ್ರೇಟ್ ಹಾಕಬೇಕು. ಸಿಟ್ರೇಟ್ ಅಂದ್ರೆ ನಿಂಬೆಹುಳಿಯ ಲವಣ. ಸ್ವಲ್ಪ ಹೊತ್ತಿಗೆ ದ್ರಾವಣ ಕೆಂಪಾಗುತ್ತದೆ. ಹೆಚ್ಚುಕಡಿಮೆ ಒಂದೇ ಅಳತೆಯ ಕಣಗಳು ರೆಡಿ.

ಇಲ್ಲಿ ಸಿಟ್ರೇಟ್‌ಗೆ ಎರಡು ಕೆಲಸ. ಲವಣದಿಂದ ಚಿನ್ನವನ್ನು ಬಿಡಿಸೋದು ಒಂದು. ಹುಟ್ಟಿದ ಕಣಗಳು ಒಂದಕ್ಕೊಂದು ಅಂಟದಂತೆ ಮೈಗೆ ಹೊದಿಕೆಯಾಗೋದು ಇನ್ನೊಂದು. ಹೋಳಿಗೆ ಕಣಕದ ಉಂಡೆಗಳಿಗೆ ಅಜ್ಜಿ ಎಣ್ಣೆ ಸವರಿ ಇಡ್ತಿದ್ದರಲ್ಲ, ಹಾಗೆ. ಬೇರೆ ಬೇರೆ ಹೊದಿಕೆ ಬಳಸಿ ಚೌಕ, ಕಡ್ಡಿ, ಎಂಟು ಮುಖದ ಹರಳು ಹೀಗೆ ಬೇಕಾದ ಆಕಾರವನ್ನೂ ತೆಗೆಯಬಹುದು.

ಒಂದು ತೊಡಕೂ ಇದೆ. ಹೊದಿಕೆ ಹಾಗೇ ಉಳಿದರೆ ಅನಿಲಕ್ಕೆ ಕೂರಲು ಜಾಗ ಇಲ್ಲ. ಸುಟ್ಟು ತೆಗೆಯೋಣ ಅಂದರೆ ಬಿಸಿಗೆ ಕಣಗಳೇ ಕೂಡಿಕೊಂಡು ದಪ್ಪ ಆಗಬಹುದು. ಹೊದಿಕೆ ಮಾತ್ರ ಹೋಗಿ ಕಣ ಹಾಗೇ ಉಳಿಯಬೇಕು. ಈ ಹದ ಹಿಡಿಯೋದೇ ಇಂಥ ಲ್ಯಾಬ್‌ಗಳ ದಿನನಿತ್ಯದ ಗುದ್ದಾಟ.

ಸೋಮಾರಿ ಚಿನ್ನ ಎದ್ದು ಕೂತಾಗ

ಗಾತ್ರ ಎಷ್ಟು ಮುಖ್ಯ ಅನ್ನೋದಕ್ಕೆ ಚಿನ್ನಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಜ್ಜಿಯ ಬಳೆ ಐವತ್ತು ವರ್ಷ ಆದರೂ ಹೊಳೆಯೋದು ಯಾಕೆ? ಚಿನ್ನ ಯಾರ ಜೊತೆಗೂ ಸುಲಭಕ್ಕೆ ಸೇರಲ್ಲ. ಕ್ಯಾಟಲಿಸ್ಟ್ ಕೆಲಸಕ್ಕೆ ಇದು ನಾಲಾಯಕ್ ಅಂತಲೇ ಬಹಳ ಜನ ಬದಿಗಿಟ್ಟಿದ್ದರು.

ಜಪಾನಿನ ಒಸಾಕಾದಲ್ಲಿ ಮಸತಾಕೆ ಹರುತ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಫಲಿತಾಂಶ ಅದನ್ನು ತಿರುಗಿಸಿಹಾಕಿತು. ಚಿನ್ನವನ್ನು 5 ನ್ಯಾನೊಮೀಟರಿಗಿಂತ ಚಿಕ್ಕ ಕಣಗಳಾಗಿ ಕಬ್ಬಿಣದ ಆಕ್ಸೈಡಿನಂಥ ಆಧಾರದ ಮೇಲೆ ಕೂರಿಸಿದರೆ, ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಅದು ಕಾರ್ಬನ್ ಮಾನಾಕ್ಸೈಡನ್ನು ಉರಿಸಿಬಿಡುತ್ತದೆ! ನಮ್ಮ ಕಾರಿನ ಪ್ಲಾಟಿನಂಗೆ ಇದೇ ಕೆಲಸ ಶುರುಮಾಡಲು 250–300 ಡಿಗ್ರಿ ಬಿಸಿ ಬೇಕು. ಅದಕ್ಕೇ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷದ ಹೊಗೆಯೇ ಅತಿ ಕೆಟ್ಟದ್ದು.

ಹಾಗಂತ ಕಾರಿಗೆ ಚಿನ್ನ ಹಾಕೋಣ್ವಾ? ಅಷ್ಟು ಬಿಸಿಗೆ ಚಿನ್ನದ ಪುಟ್ಟ ಕಣಗಳು ಬೇಗ ಕೂಡಿಕೊಂಡು ಮತ್ತೆ ಸೋಮಾರಿಯಾಗುತ್ತವೆ.

ಚಿಕ್ಕದಾದಷ್ಟೂ ಒಳ್ಳೇದು ಅಂತ ತೀರ್ಮಾನಕ್ಕೂ ಬರಬೇಡಿ. ಅನಿಲದಿಂದ ಡೀಸೆಲ್‌ನಂಥ ಇಂಧನ ಮಾಡಲು ಕೋಬಾಲ್ಟ್ ಬಳಸ್ತಾರೆ. ನೆದರ್ಲೆಂಡ್ಸಿನ ಯೂಟ್ರೆಕ್ಟ್ ವಿಶ್ವವಿದ್ಯಾಲಯದವರು ಬೇರೆ ಬೇರೆ ಅಳತೆಯ ಕೋಬಾಲ್ಟ್ ಕಣ ಮಾಡಿ ಪರೀಕ್ಷಿಸಿ, 2006ರಲ್ಲಿ ಫಲಿತಾಂಶ ಹೊರತಂದರು. ಸುಮಾರು 6ರಿಂದ 8 ನ್ಯಾನೊಮೀಟರಿಗಿಂತ ಕೆಳಗೆ ಇಳಿದರೆ ಕೆಲಸ ಕುಗ್ಗುತ್ತದೆ! ಕಾರ್ಖಾನೆಗೆ ಇದು ದುಡ್ಡಿನ ಮಾತು. ಎಷ್ಟರವರೆಗೆ ಚಿಕ್ಕದು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋ ಗೆರೆ ಸಿಕ್ಕಿತು.

ಮೂಲೆ, ಮೆಟ್ಟಿಲು, ದೋಸೆಯ ಅಂಚು

ಆಕಾರವೂ ಅಷ್ಟೇ ಮುಖ್ಯ. ಅಮೆರಿಕದ ಬರ್ಕ್ಲಿಯಲ್ಲಿ ಗಾಬೋರ್ ಸೊಮೊರ್ಜಾಯ್ ಅವರ ತಂಡ ಪ್ಲಾಟಿನಂ ಕಣಗಳನ್ನು ಎರಡು ಆಕಾರದಲ್ಲಿ ಮಾಡಿತು. ಒಂದು ಚೌಕ, ಇನ್ನೊಂದು ಮೂಲೆ ಕತ್ತರಿಸಿದ ಚೌಕ. ಎರಡಕ್ಕೂ ಬೆಂಜೀನ್ ಮತ್ತು ಹೈಡ್ರೋಜನ್ ಕೊಟ್ಟರು. ಚೌಕ ಕಣ ಸೈಕ್ಲೋಹೆಕ್ಸೇನ್ ಒಂದನ್ನೇ ಕೊಟ್ಟಿತು. ಮೂಲೆ ಕತ್ತರಿಸಿದ್ದು ಅದರ ಜೊತೆ ಸೈಕ್ಲೋಹೆಕ್ಸೀನ್ ಅನ್ನೂ ಕೊಟ್ಟಿತು. ಲೋಹ ಅದೇ, ಅನಿಲ ಅದೇ. ಮುಖ ಬದಲಾಯ್ತು, ಸರಕು ಬದಲಾಯ್ತು. ಬೇಡದ ಸರಕು ಬೇರ್ಪಡಿಸೋದೇ ಕಾರ್ಖಾನೆಗೆ ದೊಡ್ಡ ಖರ್ಚು. ಹಾಗಾಗಿ ಇದು ಬರೀ ಕುತೂಹಲದ ಮಾತಲ್ಲ.

ಅಮೋನಿಯಕ್ಕೆ ಬಳಸಬಹುದಾದ ರುಥೇನಿಯಂ ಲೋಹದ ಕಥೆ ಇನ್ನೂ ಮಜವಾಗಿದೆ. ಅದರ ಹರಳಿನ ಮೇಲ್ಮೈಯಲ್ಲಿ ಸಪಾಟು ಜಾಗದ ನಡುನಡುವೆ ಒಂದೇ ಪರಮಾಣು ಎತ್ತರದ ಮೆಟ್ಟಿಲುಗಳಿರುತ್ತವೆ. ಡೆನ್ಮಾರ್ಕಿನ ವಿಜ್ಞಾನಿಗಳು 1999ರಲ್ಲಿ ತೋರಿಸಿದಂತೆ, ನೈಟ್ರೋಜನ್ ಒಡೆಯುವ ಕೆಲಸ ಆ ಮೆಟ್ಟಿಲುಗಳಲ್ಲಿ ಸಪಾಟು ಜಾಗಕ್ಕಿಂತ ಕನಿಷ್ಠ ನೂರು ಕೋಟಿ ಪಟ್ಟು ವೇಗ! ಸ್ವಲ್ಪವೇ ಚಿನ್ನ ಹಾಕಿ ಮೆಟ್ಟಿಲುಗಳನ್ನು ಮುಚ್ಚಿದರೆ ಕೆಲಸವೇ ನಿಂತುಹೋಯ್ತು. ಸಾಲು ಸಾಲು ಪರಮಾಣು ಇದ್ದರೂ ದುಡಿಯೋರು ಬೆರಳೆಣಿಕೆ ಮಂದಿ. ನಮ್ಮ ಆಫೀಸುಗಳ ನೆನಪಾದರೆ ನಾನು ಹೊಣೆಯಲ್ಲ.

ಇನ್ನೊಂದು ಪ್ರಯೋಗ ನೇರವಾಗಿ ನಮ್ಮ ಕಾರಿಗೇ ಸಂಬಂಧಿಸಿದ್ದು. ಅಮೆರಿಕ ಮತ್ತು ಇಟಲಿಯ ತಂಡವೊಂದು ನಿಕ್ಕಲ್, ಪೆಲ್ಲೇಡಿಯಂ, ಪ್ಲಾಟಿನಂ ಕಣಗಳನ್ನು ಅಚ್ಚುಕಟ್ಟಾಗಿ ಬೇರೆ ಬೇರೆ ಗಾತ್ರದಲ್ಲಿ ಮಾಡಿ, ಕನ್ವರ್ಟರ್‌ಗಳಲ್ಲಿ ಇರುವಂಥದೇ ಸೀರಿಯಂ ಆಕ್ಸೈಡಿನ ಮೇಲೆ ಕೂರಿಸಿತು. 2013ರಲ್ಲಿ ಬಂದ ಉತ್ತರ ಇದು: ಕಾರ್ಬನ್ ಮಾನಾಕ್ಸೈಡ್ ಉರಿಯೋದು ಮುಖ್ಯವಾಗಿ ಕಣದ ಬುಡ ಆಕ್ಸೈಡನ್ನು ಮುಟ್ಟುವ ಅಂಚಿನಲ್ಲಿ. ದೋಸೆಯ ಗರಿಗರಿ ಇರೋದು ಅಂಚಿನಲ್ಲಿ ತಾನೇ? ಸಣ್ಣ ಸಣ್ಣ ದೋಸೆ ಹುಯ್ದರೆ ಅದೇ ಹಿಟ್ಟಿಗೆ ಅಂಚು ಜಾಸ್ತಿ. ಕಣಗಳ ಗಾತ್ರ ಒಂದೇ ಸಮ ಇದ್ದದ್ದರಿಂದಲೇ ಅಂಚಿನ ಪರಮಾಣುಗಳನ್ನು ಲೆಕ್ಕಹಾಕಿ ಹೀಗೆ ಹೇಳಲು ಆಯ್ತು. ಸಂತೆಯ ರಾಶಿಯಲ್ಲಿ ಇದು ಆಗದ ಮಾತು.

ಕಣಗಳು ಸುಮ್ಮನೆ ಕೂರಲ್ಲ

ಇನ್ನೊಂದು ಅಚ್ಚರಿ ಕಂಡದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ. ಡೆನ್ಮಾರ್ಕಿನ ಹಾಲ್ಡರ್ ಟೊಪ್ಸೊ ಕಂಪನಿಯ ಸಂಶೋಧಕರು ಮೆಥನಾಲ್ ಕ್ಯಾಟಲಿಸ್ಟಿನಂಥ ತಾಮ್ರದ ನ್ಯಾನೊ ಕಣಗಳನ್ನು ಸತುವಿನ ಆಕ್ಸೈಡಿನ ಮೇಲಿಟ್ಟು, ಅನಿಲ ಹಾಯಿಸುತ್ತಲೇ ನೋಡಿದರು. 2002ರಲ್ಲಿ ಪ್ರಕಟವಾದ ಆ ಚಿತ್ರಗಳಲ್ಲಿ ಕಣಗಳು ಆಕಾರ ಬದಲಿಸುತ್ತಿದ್ದವು! ಹೈಡ್ರೋಜನ್ ಇದ್ದಾಗ ಒಂದು ಆಕಾರ, ಜೊತೆಗೆ ನೀರಾವಿ ಬಿಟ್ಟರೆ ಇನ್ನೊಂದು. ಅನಿಲ ಮೊದಲಿನ ಹಾಗೆ ಮಾಡಿದರೆ ಕಣವೂ ಮೊದಲಿನ ಹಾಗೆ. ಕೆಲಸ ನಿಂತ ಮೇಲೆ ಹೊರತೆಗೆದು ನೋಡಿದರೆ ಸಾಲದು, ಕೆಲಸ ಮಾಡುವಾಗಲೇ ನೋಡಬೇಕು ಅನ್ನೋದು ಗಟ್ಟಿಯಾಯ್ತು.

ಈಗ ನನ್ನ ಗ್ಯಾರೇಜ್ ಪ್ರಶ್ನೆಗೆ ಬರೋಣ. ಲೋಹ ಅಲ್ಲೇ ಇದ್ದರೂ ಕೆಲಸ ಯಾಕೆ ನಿಂತಿತು?

ವರ್ಷಗಟ್ಟಲೆ ಬಿಸಿ ಉಂಡ ಪುಟ್ಟ ಕಣಗಳು ನಿಧಾನಕ್ಕೆ ಜರುಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇನ್ನು ಕೆಲವು ಕಡೆ ಸಣ್ಣ ಕಣಗಳಿಂದ ಪರಮಾಣುಗಳು ಒಂದೊಂದಾಗಿ ಕಿತ್ತು ಪಕ್ಕದ ದೊಡ್ಡ ಕಣಕ್ಕೆ ಸೇರುತ್ತವೆ. ಸಣ್ಣದು ಸವೆಯುತ್ತದೆ, ದೊಡ್ಡದು ಇನ್ನೂ ದಪ್ಪವಾಗುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಬೆಲ್ಲದ ಪುಡಿ ಗಟ್ಟಿ ಉಂಡೆಯಾಗುತ್ತಲ್ಲ, ನೋಡಿದವರಿಗೆ ಗೊತ್ತು. ತೂಕ ಹಾಕಿದರೆ ಒಂದು ಗ್ರಾಂ ಕಡಿಮೆಯಿಲ್ಲ. ಐದು ಸೈಟಿನಷ್ಟಿದ್ದ ಮೇಲ್ಮೈ ಮಾತ್ರ ಕುಗ್ಗಿ ಕುಗ್ಗಿ ಹೋಗಿರುತ್ತದೆ. ಮೆಕ್ಯಾನಿಕ್ ಹೇಳಿದ್ದು ಅಕ್ಷರಶಃ ನಿಜ.

ಕ್ಯಾಟಲಿಸ್ಟ್ ಸಾಯುವ ಇನ್ನೊಂದು ದಾರಿ ವಿಷ. ಸೀಸ, ಗಂಧಕ, ರಂಜಕದಂಥವು ಲೋಹದ ಮೇಲೆ ಕೂತರೆ ಏಳೋದೇ ಕಷ್ಟ. 1995ರಲ್ಲಿ ನಮ್ಮ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯ ಮಾಡಿದಾಗ ಜೊತೆಜೊತೆಗೇ ಸೀಸರಹಿತ ಪೆಟ್ರೋಲ್ ಬಂದದ್ದು ಅದಕ್ಕೇ. 2000ದ ಹೊತ್ತಿಗೆ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಕ್ಯಾಟಲಿಸ್ಟ್ ಉಳಿಸಿಕೊಳ್ಳುವ ಅಗತ್ಯ ನಮ್ಮ ಮಕ್ಕಳ ರಕ್ತವನ್ನೂ ಉಳಿಸಿತು ಅನ್ನಬಹುದು.

ಕಣವೇ ಅಲ್ಲ ಅಂತಾದರೆ?

ಇಲ್ಲಿಯವರೆಗೆ ಕೇಳಿದರೆ ನ್ಯಾನೊ ಕಣವೇ ಎಲ್ಲಕ್ಕೂ ಉತ್ತರ ಅನ್ನಿಸಬಹುದು. ಪಿವಿಸಿ ಕಥೆ ಕೇಳಿ.

ಮನೆಯ ನೀರಿನ ಪೈಪು ಮಾಡುವ ಪಿವಿಸಿಗೆ ಬೇಕಾದ ಕಚ್ಚಾವಸ್ತುವನ್ನು ಚೀನಾದಲ್ಲಿ ದೊಡ್ಡ ಪ್ರಮಾಣದಲ್ಲಿ ಕಲ್ಲಿದ್ದಲಿನಿಂದ ಬಂದ ಅಸಿಟಲೀನ್ ಬಳಸಿ ತಯಾರಿಸುತ್ತಾರೆ. ಇದಕ್ಕೆ ಬಹುಕಾಲದ ಕ್ಯಾಟಲಿಸ್ಟ್ ಪಾದರಸದ ಕ್ಲೋರೈಡ್. ಪಾದರಸ ಎಂಥ ವಿಷ ಅನ್ನೋದನ್ನು ಜಪಾನಿನ ಮಿನಾಮಾಟ ಊರು ಅನುಭವಿಸಿದೆ. ಅಲ್ಲಿನ ಕಾರ್ಖಾನೆಯೊಂದು ಅಸಿಟಲೀನ್‌ನಿಂದಲೇ ಬೇರೊಂದು ರಾಸಾಯನಿಕ ಮಾಡಲು ಪಾದರಸದ ಕ್ಯಾಟಲಿಸ್ಟ್ ಬಳಸುತ್ತಿತ್ತು. ತ್ಯಾಜ್ಯ ಸಮುದ್ರ ಸೇರಿತು, ಅಲ್ಲಿಂದ ಮೀನು, ಮೀನಿನಿಂದ ಮನುಷ್ಯರು. 1956ರಲ್ಲಿ ಆ ಕಾಯಿಲೆ ಅಧಿಕೃತವಾಗಿ ಬೆಳಕಿಗೆ ಬಂತು. ಪಾದರಸ ಬಳಕೆಗೆ ಕಡಿವಾಣ ಹಾಕುವ 2013ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಅದೇ ಊರಿನ ಹೆಸರು.

ಬ್ರಿಟನ್ನಿನ ಗ್ರಹಾಂ ಹಚಿಂಗ್ಸ್ 1985ರಲ್ಲೇ ಹೇಳಿದ್ದರು, ಪಿವಿಸಿಯ ಈ ಕ್ರಿಯೆಗೆ ಪಾದರಸಕ್ಕಿಂತ ಚಿನ್ನ ಒಳ್ಳೆಯದು ಅಂತ. ಮಾಡಿ ನೋಡಿದರೆ ನಿಜ. ಮುಂದೆ ಇಂಗಾಲದ ಮೇಲೆ ಚಿನ್ನ ಕೂರಿಸಿದ ಕ್ಯಾಟಲಿಸ್ಟ್ ಕಾರ್ಖಾನೆಗೂ ಬಂತು. ಆದರೆ ಅದರಲ್ಲಿ ದುಡಿಯುತ್ತಿರೋದು ಚಿನ್ನದ ನ್ಯಾನೊ ಕಣಗಳೋ ಇನ್ನೇನೋ? ಕ್ರಿಯೆ ನಡೆಯುತ್ತಿರುವಾಗಲೇ ಎಕ್ಸ್-ರೇ ಹಾಯಿಸಿ ನೋಡಿದ ತಂಡ 2017ರಲ್ಲಿ ಉತ್ತರ ಕೊಟ್ಟಿತು. ದುಡಿಯುತ್ತಿದ್ದದ್ದು ಕಣಗಳಲ್ಲ, ಇಂಗಾಲದ ಮೇಲೆ ಒಂಟಿ ಒಂಟಿಯಾಗಿ ಕೂತಿದ್ದ ಚಿನ್ನದ ಪರಮಾಣುಗಳು. ಅವು ಕೂಡಿಕೊಂಡು ಕಣವಾದರೆ ಕೆಲಸ ಕೆಡುತ್ತದೆ. ಅಂದ್ರೆ ಇಲ್ಲಿ ಮಾಡಬೇಕಾದ್ದು ಒಳ್ಳೆಯ ಕಣ ಅಲ್ಲ; ಕಣವೇ ಆಗದಂತೆ ತಡೆಯೋದು. ಒಂದೇ ಲೋಹ ಒಂದು ಕಡೆ ಕಣವಾಗಿದ್ದರೆ ಚುರುಕು, ಇನ್ನೊಂದು ಕಡೆ ಒಂಟಿಯಾಗಿದ್ದರೆ ಚುರುಕು. ಊಹೆ ಮಾಡಿ ಕೂತರೆ ಆಗಲ್ಲ, ಪ್ರತಿ ಸಲ ಕೇಳಿಯೇ ತಿಳಿಯಬೇಕು.

ನಮ್ಮ ಟಾಟಾ ಇನ್ಸ್‌ಟಿಟ್ಯೂಟ್‌ನಲ್ಲಿ

ಇಂಥದೇ ಪ್ರಶ್ನೆಯನ್ನು ವಾಹನದ ಹೊಗೆಯ ವಿಷಯದಲ್ಲಿ ಕೇಳಿದವರು ಬೆಂಗಳೂರಿನಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್, ಕೆ.ಸಿ. ಪಾಟೀಲ್ ಅವರು ಕೈಗೊಂಡ ಕೆಲಸ ಅದು. ಪಾಟೀಲ್ ಅವರು ಬೆಳೆಸಿದ ದಹನ ವಿಧಾನದಲ್ಲಿ ಲವಣಗಳನ್ನೂ ಇಂಧನವನ್ನೂ ನೀರಿನಲ್ಲಿ ಕರಗಿಸಿ ಬಿಸಿಮಾಡಿದರೆ ಭಗ್ಗೆಂದು ಹೊತ್ತಿ, ಕ್ಷಣಗಳಲ್ಲಿ ನವಿರಾದ ಆಕ್ಸೈಡ್ ಪುಡಿ ಸಿಗುತ್ತದೆ.

ಈ ತಂಡ ಪ್ಲಾಟಿನಂ, ಪೆಲ್ಲೇಡಿಯಂಗಳನ್ನು ಆಕ್ಸೈಡಿನ ಮೇಲೆ ಕಣವಾಗಿ ಕೂರಿಸುವ ಬದಲು, ಸೀರಿಯಂ ಆಕ್ಸೈಡ್ ಹರಳಿನ ಒಳಗೇ ಅಯಾನುಗಳಾಗಿ ಸೇರಿಸಿತು. ಹರಳಿನ ಗೂಡಿನಲ್ಲಿ ಒಂದೊಂದೇ ಅಯಾನು ಕೂತರೆ ಪಕ್ಕದವರ ಜೊತೆ ಕೂಡಿಕೊಂಡು ಉಂಡೆಯಾಗುವ ತೊಂದರೆ ತಪ್ಪುತ್ತದೆ ಅನ್ನೋದು ಎಣಿಕೆ. ಲೋಹದ ನ್ಯಾನೊ ಕಣಗಳ ಜೊತೆ ಹೋಲಿಸಿ, ಅಯಾನುಗಳೇ ಹೆಚ್ಚು ಚುರುಕು ಅಂತ ಅವರು ವರದಿ ಮಾಡಿದರು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಲೋಹದ ಕಣದ ಗಾತ್ರ ಬದಲಾದರೆ ಗುಣ ಹೇಗೆ ಬದಲಾಗುತ್ತೆ ಅನ್ನೋದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಟ್ರಾಫಿಕ್‌ನಲ್ಲಿ ನಿಂತು ಹೊಗೆ ಕುಡಿಯುವ ನಮ್ಮ ಊರಿನಲ್ಲೇ ಆ ಹೊಗೆಯ ಮದ್ದಿನ ಬಗ್ಗೆ ಇಷ್ಟು ಕೆಲಸ ಆಗಿದೆ ಅನ್ನೋದು ನನಗಂತೂ ಗೊತ್ತಿರಲಿಲ್ಲ.

ಗಾಡಿ ಇರುವವರಿಗೆ ಎರಡು ಮಾತು

ಇದೆಲ್ಲಾ ಓದಿದ ಮೇಲೆ ನಾನು ಮತ್ತೆ ಗ್ಯಾರೇಜಿಗೆ ಹೋದೆ. ಒಂದು ವರ್ಷದಿಂದ ಎಂಜಿನ್ ಆಗಾಗ ಜರ್ಕ್ ಹೊಡೀತಿತ್ತು, ಡ್ಯಾಶ್‌ಬೋರ್ಡಿನ ಹಳದಿ ಲೈಟ್ ಉರೀತಿತ್ತು. 'ಆಮೇಲೆ ನೋಡೋಣ' ಅಂತ ಬಿಟ್ಟಿದ್ದೆ. ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಕನ್ವರ್ಟರ್‌ಗೆ ಬಂದು ಅಲ್ಲಿ ಉರಿಯುತ್ತದೆ, ಕಣಗಳು ಕೂಡಿಕೊಳ್ಳಲು ಬೇಕಾದ ಬಿಸಿ ಹೀಗೇ ಸಿಗೋದು. ಎಂಜಿನ್ ಆಯಿಲ್ ಕುಡಿಯುವ ಗಾಡಿಯಾದರೆ ಆಯಿಲಿನ ರಂಜಕ ಬೇರೆ ಬಂದು ಕೂರುತ್ತದೆ. ಸಾವಿರ ರೂಪಾಯಿ ಕೆಲಸ ಮುಂದೂಡಿ ದೊಡ್ಡ ಮೊತ್ತಕ್ಕೆ ತಲೆ ಕೊಟ್ಟಿದ್ದೆ. 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್-6 ಗಾಡಿಗಳಂತೂ, ಬೈಕ್ ಆಗಲಿ ಸ್ಕೂಟರ್ ಆಗಲಿ, ಈ ಪುಟ್ಟ ಕಣಗಳನ್ನು ನಂಬಿಯೇ ಓಡುತ್ತಿವೆ. ಹಳದಿ ಲೈಟ್ ಬಂದರೆ ಆ ವಾರವೇ ತೋರಿಸಿ.

ಹಳೇ ಡಬ್ಬಿ ಎಸೆಯಬೇಡಿ, ಒಳಗಿನ ಲೋಹ ಕರಗಿಸಿ ಮತ್ತೆ ಬಳಸ್ತಾರೆ. ನನ್ನದನ್ನೂ ಬಿಲ್‌ನಲ್ಲಿ ಮುರಿದುಕೊಂಡರು.

ಹೊಸ ಕನ್ವರ್ಟರ್ ಕೂರಿಸಿ, ಗಾಡಿ ಸ್ಟಾರ್ಟ್ ಮಾಡಿ, ಬಿಸಿಯಾಗುವವರೆಗೆ ಕಾದು ಮೆಕ್ಯಾನಿಕ್ ಮೀಟರ್ ಹಚ್ಚಿದರು. ಕಾರ್ಬನ್ ಮಾನಾಕ್ಸೈಡ್ ಅಂಕಿ ಸರ್ರನೆ ಇಳಿಯಿತು.

'ಹಳೇದ್ರಲ್ಲೂ ಇದೇ ಲೋಹ ತಾನೇ ಸಾರ್ ಇದ್ದಿದ್ದು?' ಅಂದರು.

'ಇದೇ ಲೋಹವೇ ಅಣ್ಣ. ಇಲ್ಲಿ ಇನ್ನೂ ಬಿಡಿಬಿಡಿಯಾಗಿದೆ, ಅಲ್ಲಿ ಉಂಡೆ ಕಟ್ಟಿತ್ತು' ಅಂದೆ.

'ಅಂದ್ರೆ ಒಗ್ಗಟ್ಟು ಜಾಸ್ತಿಯಾಗಿ ಕೆಟ್ಟೋಯ್ತು ಅನ್ನಿ!' ಅಂತ ನಗುತ್ತಾ ರಸೀದಿ ಬರೆದುಕೊಟ್ಟರು.